ಗಿಟಾರ್ ಆಂಪ್ ಮತ್ತು ಕಂಪ್ಯೂಟರ್ ನಡುವಿನ ಮಿಡಿ ಸಂಪರ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರಿಂದ, ಗಣಪತಿ ಹಬ್ಬದ ರಸಮಂಜರಿಗಳಲ್ಲಿ ಗಿಟಾರ್ ನುಡಿಸುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ತೋಟದ ಜೆಟ್‌ನಲ್ಲಿ ನೀರು ಬಾರದಿದ್ದರೆ ಮೊದಲು ಮೋಟರ್, ಆಮೇಲೆ ಗೇಟ್‌ವಾಲ್ವ್, ಆಮೇಲೆ ಪೈಪಿನ ಜಾಯಿಂಟ್ ಎಂದು ನೋಡುತ್ತ ಹೋಗುತ್ತೇವೆ. ಸಂಗೀತ ಸಾಧನಗಳು ಒಂದಕ್ಕೊಂದು ಸೂಚನೆ ಕಳಿಸುವ ಮಿಡಿ ಪದ್ಧತಿಯಲ್ಲೂ ಅಷ್ಟೇ. ಸಂದೇಶ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ. ಎಲ್ಲವನ್ನೂ ಕಿತ್ತು ಮತ್ತೆ ಸಿಕ್ಕಿಸುತ್ತ ಕೂತರೆ ಸರಿಹೋದಾಗಲೂ ಯಾಕೆ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ವಾರ ಅದೇ ತೊಂದರೆ ವಾಪಸ್ ಬರುತ್ತದೆ.

ಮಿಡಿ ಕೇಬಲ್ ಹಾಕಿದ್ದೇನೆ. ಕಂಪ್ಯೂಟರಿನಲ್ಲಿ ಗಿಟಾರ್ ಸದ್ದೇ ಕೇಳುತ್ತಿಲ್ಲ. ಯಾಕೆ?

ಮಿಡಿಯಲ್ಲಿ ಸದ್ದು ಹೋಗುವುದೇ ಇಲ್ಲ. ಹೋಗುವುದು ಸೂಚನೆಗಳು ಮಾತ್ರ: ‘ಮೂರನೇ ಪ್ಯಾಚ್‌ಗೆ ಬದಲಿಸು’, ‘ಗೇನ್ 70ಕ್ಕೆ ಏರಿಸು’, ‘ರಿವರ್ಬ್ ಆಫ್ ಮಾಡು’ ಎಂಬಂಥವು. ಪ್ಯಾಚ್ ಎಂದರೆ ಆಂಪಿನಲ್ಲಿ ಉಳಿಸಿಟ್ಟ ಒಂದು ಸದ್ದಿನ ಸೆಟ್ಟಿಂಗ್. 1983ರಲ್ಲಿ ಈ ಪದ್ಧತಿ ಬಂದದ್ದೇ ಒಂದು ಕಂಪನಿಯ ಕೀಬೋರ್ಡ್ ಇನ್ನೊಂದು ಕಂಪನಿಯ ಕೀಬೋರ್ಡಿಗೆ ಸೂಚನೆ ಕೊಡಲಿ ಎಂದು. ಗಿಟಾರ್ ಸದ್ದು ಕಂಪ್ಯೂಟರಿಗೆ ಹೋಗಬೇಕಾದರೆ ಆಂಪಿನ ಯುಎಸ್‌ಬಿ ಆಡಿಯೋ ಬೇಕು, ಇಲ್ಲವೇ ಲೈನ್ ಔಟ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ಬೇರೆ ಕೇಬಲ್ ಎಳೆಯಬೇಕು.

ಗೊಂದಲಕ್ಕೆ ಕಾರಣವೂ ಇದೆ. ಈಗಿನ ಡಿಜಿಟಲ್ ಆಂಪ್‌ಗಳಲ್ಲಿ ಒಂದೇ ಯುಎಸ್‌ಬಿ ಕೇಬಲಿನೊಳಗೆ ಆಡಿಯೋ, ಮಿಡಿ ಎರಡೂ ಓಡುತ್ತವೆ. ಕಂಪ್ಯೂಟರಿಗೆ ಅವು ಎರಡು ಪ್ರತ್ಯೇಕ ಸಾಧನಗಳು. ಆಡಿಯೋ ಸರಿಯಿದ್ದು ಮಿಡಿ ಕೆಟ್ಟಿರಬಹುದು, ತಿರುಗಾಮುರುಗಾ ಕೂಡ ಆಗಬಹುದು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆಡಿಯೋ ಸೆಟ್ಟಿಂಗ್ ಒಂದು ಕಡೆ, ಮಿಡಿ ಸೆಟ್ಟಿಂಗ್ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕು.

ಆಂಪಿನಲ್ಲಿ ಯುಎಸ್‌ಬಿ ಇದೆ ಎಂದರೆ ಮಿಡಿ ಇದೆ ಎಂದೇ ಅರ್ಥವೇ?

ಅಲ್ಲ. ಕೆಲವು ಆಂಪ್‌ಗಳ ಯುಎಸ್‌ಬಿ ಆಡಿಯೋಗೆ ಮಾತ್ರ, ಕೆಲವದು ಫರ್ಮ್‌ವೇರ್ (ಆಂಪಿನೊಳಗಿನ ಸಾಫ್ಟ್‌ವೇರ್) ಹಾಕುವುದಕ್ಕೆ ಮಾತ್ರ. ಇನ್ನು ಕೆಲವು ತಮ್ಮ ಕಂಪನಿಯ ಎಡಿಟರ್ (ಕಂಪ್ಯೂಟರಿನಿಂದ ಆಂಪಿನ ಸದ್ದು ಹೊಂದಿಸುವ ಸಾಫ್ಟ್‌ವೇರ್) ಜೊತೆ ಮಿಡಿ ಅಲ್ಲದ ಬೇರೆ ಭಾಷೆಯಲ್ಲಿ ಮಾತಾಡುತ್ತವೆ. ಅಂಥ ಆಂಪ್ ಎಡಿಟರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರಿನ ಮಿಡಿ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಅದು ದೋಷವಲ್ಲ.

ಖಚಿತಪಡಿಸಿಕೊಳ್ಳಲು ಆಂಪಿನ ಕೈಪಿಡಿಯ ಕೊನೆಯ ಪುಟಗಳಲ್ಲಿ ‘ಮಿಡಿ ಇಂಪ್ಲಿಮೆಂಟೇಶನ್ ಚಾರ್ಟ್’ ಎಂಬ ಕೋಷ್ಟಕ ಇದೆಯೇ ನೋಡಿ. ಕೆಲವು ಕಂಪನಿಗಳು ಅದನ್ನು ಬೇರೆ ಪಿಡಿಎಫ್ ಆಗಿ ಕೊಡುತ್ತವೆ. ಯಾವ ಸಂದೇಶ ಕಳಿಸುತ್ತದೆ, ಯಾವುದನ್ನು ಸ್ವೀಕರಿಸುತ್ತದೆ ಎಂದು ಅದರಲ್ಲಿ ಸೊನ್ನೆ (O) ಮತ್ತು ಇಂಟು (X) ಗುರುತಿನಲ್ಲಿ ಇರುತ್ತದೆ. ಸೊನ್ನೆ ಎಂದರೆ ‘ಇದೆ’. ಅದನ್ನು ‘ಇಲ್ಲ’ ಎಂದು ಓದಿಕೊಂಡು ತಿಂಗಳುಗಟ್ಟಲೆ ಒಂದು ಸೌಲಭ್ಯವನ್ನೇ ಬಳಸದೆ ಇರುವವರು ಇದ್ದಾರೆ.

ಆಂಪಿನ ಹಿಂದೆ ಐದು ತೂತಿನ ದುಂಡು ಸಾಕೆಟ್ ಇದೆ. ಅದು ಮಿಡಿಯೇ?

ಪಕ್ಕದಲ್ಲಿ ‘ಮಿಡಿ ಇನ್’ ಎಂದು ಬರೆದಿದ್ದರೆ ಹೌದು. ‘ಫುಟ್‌ಸ್ವಿಚ್’ ಎಂದಷ್ಟೇ ಬರೆದಿದ್ದರೆ ಅಲ್ಲ, ಅದಕ್ಕೆ ಮಿಡಿ ಕೇಬಲ್ ಸಿಕ್ಕಿಸಲೇಬೇಡಿ. ಹಳೆಯ ಆಂಪ್‌ಗಳ ಫುಟ್‌ಸ್ವಿಚ್ ಸಾಕೆಟ್ ಕೂಡ ಅದೇ ಆಕಾರದ್ದು, ಆದರೆ ಅದರ ಪಿನ್‌ಗಳಲ್ಲಿ ರಿಲೇ ಓಡಿಸುವ ವೋಲ್ಟೇಜ್ ಇರಬಹುದು. ಇಂಟರ್‌ಫೇಸ್ ಸುಡುತ್ತದೆ. ಏಳು ತೂತಿನದ್ದಾದರೆ ಮಧ್ಯದ ಐದು ಮಿಡಿಗೆ, ಉಳಿದೆರಡು ಕಾಲಿನ ಬೋರ್ಡಿಗೆ ಕರೆಂಟ್ ಕೊಡಲು ಎಂಬ ವ್ಯವಸ್ಥೆ ಸಾಮಾನ್ಯ. ಆದರೂ ಕೈಪಿಡಿ ನೋಡಿಯೇ ಮುಂದುವರಿಯಿರಿ.

ಯುಎಸ್‌ಬಿ ಸಿಕ್ಕಿಸಿದರೂ ಕಂಪ್ಯೂಟರಿಗೆ ಆಂಪ್ ಕಾಣುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಕೇಬಲಿನಿಂದ. ಫೋನ್ ಚಾರ್ಜರ್ ಜೊತೆ ಬರುವ ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ಎರಡೇ ತಂತಿ, ಕರೆಂಟಿಗೆ ಮಾತ್ರ. ದತ್ತಾಂಶ ಹೋಗುವ ಇನ್ನೆರಡು ತಂತಿಗಳೇ ಇರುವುದಿಲ್ಲ. ಆ ಕೇಬಲಿನಲ್ಲಿ ಒಂದು ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೈಲ್ ವರ್ಗಾವಣೆ ಆಯ್ಕೆ ಕೊಟ್ಟು ಫೋಟೋ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಕೇಬಲ್ ಬದಲಿಸಿ. ಆಂಪ್ ಕಡೆ ಚೌಕಾಕಾರದ ಸಾಕೆಟ್ ಇದ್ದರೆ ಅಂಗಡಿಯಲ್ಲಿ ‘ಪ್ರಿಂಟರ್ ಕೇಬಲ್’ ಎಂದು ಕೇಳಿ. ನೆಹರೂ ರಸ್ತೆಯ ಕಂಪ್ಯೂಟರ್ ಅಂಗಡಿಯಾದರೂ ಹೊಸನಗರದ ಮೊಬೈಲ್ ಅಂಗಡಿಯಾದರೂ ಆ ಹೆಸರಿಗೆ ಸಿಗುತ್ತದೆ. ಒಂದೂವರೆ ಮೀಟರಿನದ್ದು ಸಾಕು. ಐದು ಮೀಟರ್ ದಾಟಿದರೆ ಯುಎಸ್‌ಬಿ 2.0 ಸಂಪರ್ಕ ನಂಬುವ ಹಾಗಿಲ್ಲ.

ಎರಡನೆಯದು ಹಬ್. ನಾಲ್ಕು ಬಾಯಿಯ ಅಗ್ಗದ ಹಬ್ ಮೂಲಕ ಹಾಕಿದ್ದರೆ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ಆಂಪನ್ನು ಮೊದಲು ಆನ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಕೇಬಲ್ ಸಿಕ್ಕಿಸಿ. ಹೆಚ್ಚಿನ ಆಂಪ್‌ಗಳು ಯುಎಸ್‌ಬಿಯಿಂದ ಕರೆಂಟ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಆಫ್ ಇರುವ ಆಂಪ್ ಕಂಪ್ಯೂಟರಿಗೆ ಇಲ್ಲವೆಂದೇ ಲೆಕ್ಕ.

ಮೂರನೆಯದು ಡ್ರೈವರ್, ಅಂದರೆ ಆಂಪನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ತೆರೆದಿಟ್ಟುಕೊಂಡೇ ಕೇಬಲ್ ಸಿಕ್ಕಿಸಿ, ಪಟ್ಟಿಯನ್ನು ಗಮನಿಸಿ. ಪಟ್ಟಿ ಒಮ್ಮೆಯೂ ಮಿಸುಕಾಡದಿದ್ದರೆ ತೊಂದರೆ ಕೇಬಲ್, ಸಾಕೆಟ್ ಅಥವಾ ಆಂಪಿನದ್ದು. ಹಳದಿ ಗುರುತಿನ ಜೊತೆ ಹೆಸರಿಲ್ಲದ ಸಾಧನ ಬಂದರೆ ತಂತಿ ಸರಿಯಿದೆ, ಡ್ರೈವರ್ ಇಲ್ಲ. ಈ ಎರಡರ ವ್ಯತ್ಯಾಸ ಗೊತ್ತಾಗುವುದೇ ಇಲ್ಲಿನ ಲಾಭ.

ಡ್ರೈವರ್ ಹಾಕಿದೆ, ಆದರೂ ಹಳದಿ ಗುರುತು ಹೋಗಲಿಲ್ಲ.

ಬಹುಪಾಲು ಕ್ರಮ ತಪ್ಪಿರುತ್ತದೆ. ಬಾಸ್ ಕಟಾನಾ, ಯಮಹಾ ಟಿಎಚ್‌ಆರ್ ಥರದ ಆಂಪ್‌ಗಳಿಗೆ ವಿಂಡೋಸ್‌ನಲ್ಲಿ ಕಂಪನಿಯ ಡ್ರೈವರೇ ಬೇಕು. ಅದನ್ನು ಹಾಕುವಾಗ ಆಂಪ್ ಸಂಪರ್ಕದಲ್ಲಿ ಇರಬಾರದು. ಆಂಪ್ ಕೇಬಲ್ ತೆಗೆಯಿರಿ, ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವ ಆಯ್ಕೆ ಕೊಡಿ, ಮಸುಕಾಗಿ ಕಾಣುವ ಆಂಪಿನ ಹಳೆಯ ನಮೂದುಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ನಿಮ್ಮ ವಿಂಡೋಸ್ ಆವೃತ್ತಿಗೆ ಹೊಂದುವ ಡ್ರೈವರ್ ಹಾಕಿ, ಮತ್ತೆ ರೀಸ್ಟಾರ್ಟ್ ಮಾಡಿ. ಕೇಬಲ್ ಸಿಕ್ಕಿಸುವುದು ಕೊನೆಗೆ. ಮಸುಕಾದ ನಮೂದುಗಳು ಹೇಗೆ ಹುಟ್ಟುತ್ತವೆ ಎಂದರೆ, ಒಂದೇ ಆಂಪನ್ನು ಬೇರೆ ಬೇರೆ ಯುಎಸ್‌ಬಿ ಬಾಯಿಗೆ ಹಾಕಿದಂತೆಲ್ಲ ವಿಂಡೋಸ್ ಅದನ್ನು ಹೊಸ ಸಾಧನ ಎಂದು ಬರೆದುಕೊಳ್ಳಬಹುದು. ಒಂದು ಬಾಯಿಯನ್ನು ಗೊತ್ತುಮಾಡಿ, ಒಂದು ಚುಕ್ಕಿ ಬಣ್ಣ ಹಚ್ಚಿ, ಆಂಪಿಗೆ ಅದನ್ನೇ ಮೀಸಲಿಡಿ.

ಮ್ಯಾಕ್‌ನಲ್ಲಿ ಅಪ್ಲಿಕೇಶನ್ಸ್ ಒಳಗಿನ ಯುಟಿಲಿಟೀಸ್‌ನಲ್ಲಿ ‘ಆಡಿಯೋ ಮಿಡಿ ಸೆಟಪ್’ ಇದೆ. ಅದರ ವಿಂಡೋ ಮೆನುವಿನಿಂದ ಮಿಡಿ ಸ್ಟುಡಿಯೋ ತೆರೆದರೆ ಜೋಡಿಸಿರುವ ಸಾಧನಗಳ ಚಿತ್ರ ಕಾಣುತ್ತದೆ. ಆಂಪಿನ ಚಿತ್ರ ಮಂಕಾಗಿದ್ದರೆ ಸಂಪರ್ಕ ಈಗ ಇಲ್ಲ ಎಂದರ್ಥ. ಡ್ರೈವರ್ ಹಾಕಿಯೂ ಏನೂ ಕಾಣದಿದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯುರಿಟಿ ಪುಟಕ್ಕೆ ಹೋಗಿ. ಡ್ರೈವರಿಗೆ ಅನುಮತಿ ಕೇಳುವ ಬಟನ್ ಅಲ್ಲಿ ನಿಮ್ಮ ಒಪ್ಪಿಗೆಗೆ ಕಾಯುತ್ತಿರಬಹುದು.

ಆಂಪಿನ ಮಿಡಿ ಪೋರ್ಟ್ ಸಾಫ್ಟ್‌ವೇರಿನ ಪಟ್ಟಿಯಲ್ಲಿದೆ, ಆಯ್ಕೆಯೂ ಆಗಿದೆ, ಆದರೆ ಆಂಪ್ ಕದಲುವುದೇ ಇಲ್ಲ.

ಅತಿ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದು. ಇಲ್ಲಿ ಊಹೆ ನಡೆಯುವುದಿಲ್ಲ. ಮಿಡಿ ಮಾನಿಟರ್ ಎಂಬ ಬಗೆಯ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ: ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್ ಎಂಬ ಹೆಸರಿನದ್ದೇ ಇದೆ. ಬಂದುಹೋಗುವ ಒಂದೊಂದು ಸಂದೇಶವನ್ನೂ ಅದು ಸಾಲು ಸಾಲಾಗಿ ತೋರಿಸುತ್ತದೆ.

ಮೊದಲು ಆಂಪಿನಿಂದ ಕಂಪ್ಯೂಟರಿನ ದಿಕ್ಕು ನೋಡಿ. ಆಂಪಿನ ಚಾನೆಲ್ ಬಟನ್ ಒತ್ತಿ, ಒಂದು ನಾಬ್ ತಿರುಗಿಸಿ. ಪರದೆಯಲ್ಲಿ ಸಾಲು ಬಂತೆಂದರೆ ತಂತಿ, ಡ್ರೈವರ್, ಪೋರ್ಟ್ ಮೂರೂ ಸರಿ. ಆಗ ತಪ್ಪು ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿದೆ. ಸಾಲು ಬಾರದಿದ್ದರೆ ಗಾಬರಿ ಬೇಡ, ನಾಬ್ ತಿರುಗಿಸಿದರೆ ಏನನ್ನೂ ಕಳಿಸದ ಆಂಪ್‌ಗಳೂ ಇವೆ, ಚಾರ್ಟ್‌ನಲ್ಲಿ ಪರೀಕ್ಷಿಸಿ.

ಆಮೇಲೆ ಕಂಪ್ಯೂಟರಿನಿಂದ ಆಂಪಿನ ದಿಕ್ಕು. ಒಂದೇ ಒಂದು ಪ್ರೋಗ್ರಾಂ ಚೇಂಜ್ (ಪ್ಯಾಚ್ ಬದಲಿಸುವ ಸಂದೇಶ) ಕಳಿಸಿ. ಆಂಪ್ ಪ್ಯಾಚ್ ಬದಲಿಸದಿದ್ದರೆ ಮಿಡಿ ಚಾನೆಲ್ ನೋಡಬೇಕು. ಒಂದು ಮಿಡಿ ತಂತಿಯಲ್ಲಿ 16 ಚಾನೆಲ್‌ಗಳು. ಆಂಪ್ 1ರಲ್ಲಿ ಕಿವಿಗೊಟ್ಟು ಕೂತಿದ್ದರೆ ನೀವು 2ರಲ್ಲಿ ಎಷ್ಟು ಕಳಿಸಿದರೂ ಅದು ಕೇಳಿಸಿಕೊಳ್ಳುವುದಿಲ್ಲ. ಮೆನು ಇರುವ ಆಂಪಿನಲ್ಲಿ ಚಾನೆಲನ್ನು ತಾತ್ಕಾಲಿಕವಾಗಿ ‘ಆಮ್ನಿ’ಗೆ ಇಟ್ಟರೆ ಹದಿನಾರನ್ನೂ ಕೇಳುತ್ತದೆ. ಆಗ ಪ್ಯಾಚ್ ಬದಲಾದರೆ ತಪ್ಪು ಚಾನೆಲಿನದ್ದೇ. ಸರಿಪಡಿಸಿದ ಮೇಲೆ ಆಮ್ನಿ ತೆಗೆಯಿರಿ, ಇಲ್ಲದಿದ್ದರೆ ಕೀಬೋರ್ಡಿಗೆ ಕಳಿಸಿದ ಸೂಚನೆಗೂ ಆಂಪ್ ಕುಣಿಯುತ್ತದೆ.

ಚಾನೆಲ್ ಸರಿಯಿದ್ದೂ ಆಗದಿದ್ದರೆ ‘ಪ್ರೋಗ್ರಾಂ ಚೇಂಜ್ ಸ್ವೀಕರಿಸು’ ಎಂಬ ಆಯ್ಕೆ ಆಂಪಿನಲ್ಲಿ ಆಫ್ ಆಗಿದೆಯೇ ನೋಡಿ. ಕೆಲವು ಟ್ಯೂಬ್ (ಗಾಜಿನ ವಾಲ್ವ್) ಆಂಪ್‌ಗಳಲ್ಲಿ ಇನ್ನೊಂದು ಬಗೆ: ಅವಕ್ಕೆ ಮೊದಲು ಕಲಿಸಬೇಕು. ಕ್ಲೀನ್ ಚಾನೆಲ್ ಇಟ್ಟುಕೊಂಡು ಸ್ಟೋರ್ ಬಟನ್ ಒತ್ತಿ ಹಿಡಿದು ಪ್ರೋಗ್ರಾಂ 1 ಕಳಿಸಿದರೆ, ಅವತ್ತಿನಿಂದ 1 ಎಂದರೆ ಕ್ಲೀನ್ ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಕಲಿಸದ ಸಂಖ್ಯೆ ಬಂದರೆ ಸುಮ್ಮನಿರುತ್ತದೆ.

ಪಟ್ಟಿಯಲ್ಲಿ ಒಂದೇ ಆಂಪ್ ಎರಡು ಹೆಸರಿನಲ್ಲಿ ಕಾಣುವುದೂ ಉಂಟು. ಒಂದು ಎಡಿಟರಿಗೆ, ಇನ್ನೊಂದು ಸಾಮಾನ್ಯ ಮಿಡಿಗೆ. ಎರಡನ್ನೂ ಒಂದೊಂದಾಗಿ ಪ್ರಯತ್ನಿಸಿ.

‘ಪೋರ್ಟ್ ಬೇರೆಯವರ ಬಳಕೆಯಲ್ಲಿದೆ’ ಎಂಬ ಅರ್ಥದ ದೋಷ ಬರುತ್ತದೆ. ಬೇರೆಯವರು ಯಾರು?

ನೀವೇ ತೆರೆದಿಟ್ಟ ಇನ್ನೊಂದು ಸಾಫ್ಟ್‌ವೇರ್. ವಿಂಡೋಸ್‌ನ ಹಳೆಯ ಮಿಡಿ ವ್ಯವಸ್ಥೆಯಲ್ಲಿ, ಹೆಚ್ಚಿನ ಡ್ರೈವರ್‌ಗಳ ಮಟ್ಟಿಗೆ, ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಸಾಫ್ಟ್‌ವೇರ್ ಹಿಡಿಯಬಹುದು. ಎಡಿಟರ್ ತೆರೆದಿದ್ದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸಿಗುವುದಿಲ್ಲ. ಮಾನಿಟರ್ ಹಾಕಿ ಪರೀಕ್ಷೆ ಮಾಡಿ, ಅದನ್ನು ಮುಚ್ಚದೆ ಮುಂದುವರಿದವರಿಗೂ ಇದೇ ಗತಿ. ಬ್ರೌಸರ್ ಕೂಡ ಮಿಡಿ ಹಿಡಿಯಬಲ್ಲದು, ಆನ್‌ಲೈನ್ ಪರೀಕ್ಷಾ ಪುಟ ತೆರೆದಿದ್ದರೆ ಆ ಟ್ಯಾಬ್ ಮುಚ್ಚಿ. ಮ್ಯಾಕ್‌ನಲ್ಲಿ ಈ ತೊಡಕಿಲ್ಲ.

ಆಂಪಿನಲ್ಲಿ ಐದು ಪಿನ್ ಮಿಡಿ ಮಾತ್ರ ಇದೆ. ಯುಎಸ್‌ಬಿ-ಮಿಡಿ ಕೇಬಲ್ ತಂದೆ. ಯಾವ ತುದಿ ಎಲ್ಲಿಗೆ?

ನಿಯಮ ಒಂದೇ: ಒಂದರ ಔಟ್ ಇನ್ನೊಂದರ ಇನ್‌ಗೆ. ತೊಂದರೆ ಎಂದರೆ ಈ ಕೇಬಲ್‌ಗಳ ಮೇಲಿನ ಬರಹ. ಕೆಲವದರಲ್ಲಿ ‘ಇನ್’ ಎಂದರೆ ‘ಇದು ನನ್ನ ಇನ್, ನಿಮ್ಮ ಔಟ್‌ಗೆ ಹಾಕಿ’ ಎಂದು. ಇನ್ನು ಕೆಲವದರಲ್ಲಿ ‘ಇದನ್ನು ಆಂಪಿನ ಇನ್‌ಗೆ ಹಾಕಿ’ ಎಂದು. ಪೆಟ್ಟಿಗೆಯ ಮೇಲೆ ವಿವರ ಇರುವುದು ಅಪರೂಪ. ಹಾಗಾಗಿ ಒಂದು ರೀತಿ ಆಗದಿದ್ದರೆ ತುದಿ ಅದಲುಬದಲು ಮಾಡಿ ನೋಡಿ. ಇದರಿಂದ ಏನೂ ಸುಡುವುದಿಲ್ಲ. ಔಟ್‌ಗೆ ಔಟ್ ಸೇರಿದರೆ ಸಂದೇಶ ಹೋಗುವುದಿಲ್ಲ, ಅಷ್ಟೇ.

ಆಂಪಿನಲ್ಲಿ ‘ಇನ್’ ಮತ್ತು ‘ಥ್ರೂ’ ಮಾತ್ರ ಇದ್ದರೆ ಅದು ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಥ್ರೂ ಎಂದರೆ ಇನ್‌ಗೆ ಬಂದದ್ದರ ನಕಲು. ಅದನ್ನು ಕಂಪ್ಯೂಟರಿಗೆ ವಾಪಸ್ ಕೊಟ್ಟರೆ ನೀವು ಕಳಿಸಿದ್ದೇ ನಿಮಗೆ ಮರಳುತ್ತದೆ, ಪ್ಯಾಚ್ ಬ್ಯಾಕಪ್ ಸಿಗುವುದಿಲ್ಲ.

ಸಣ್ಣ ಸಾಧನಗಳಲ್ಲಿ ಐದು ಪಿನ್ ಬದಲು ಇಯರ್‌ಫೋನ್ ಗಾತ್ರದ ಜಾಕ್ ಇರುತ್ತದೆ. ಅದರಲ್ಲಿ ಟೈಪ್ ಎ, ಟೈಪ್ ಬಿ ಎಂಬ ಎರಡು ಜೋಡಣೆಗಳಿವೆ. ಟೈಪ್ ಎಯಲ್ಲಿ ಜಾಕಿನ ತುದಿಗೆ 5ನೇ ಪಿನ್, ಉಂಗುರಕ್ಕೆ 4ನೇ ಪಿನ್. ಟೈಪ್ ಬಿಯಲ್ಲಿ ಇದು ಉಲ್ಟಾ. 2018ರಲ್ಲಿ ಟೈಪ್ ಎಯನ್ನೇ ಮಾನಕ ಮಾಡಿದರೂ ಅದಕ್ಕಿಂತ ಹಳೆಯ ಸಾಧನಗಳು ಇನ್ನೂ ಬಳಕೆಯಲ್ಲಿವೆ. ಅಡಾಪ್ಟರ್ ಕೊಳ್ಳುವ ಮುಂಚೆ ಯಾವ ಟೈಪ್ ಎಂದು ಕೇಳಿ ತಿಳಿದುಕೊಳ್ಳಿ.

ಐದು ಪಿನ್ ಕೇಬಲ್ ಸರಿಯಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಖಂಡಿತ. ಒಂದು ಮಲ್ಟಿಮೀಟರ್ ಸಾಕು. ಪ್ಲಗ್ಗನ್ನು ಬೆಳಕಿಗೆ ಹಿಡಿದು ಎದುರಿನಿಂದ ನೋಡಿ. ಐದು ಪಿನ್‌ಗಳು ಅರ್ಧವೃತ್ತದಲ್ಲಿ ನಿಂತಿವೆ. ನಟ್ಟನಡುವಿನದು 2. ಅದರ ಅಕ್ಕಪಕ್ಕದ ಎರಡು 4 ಮತ್ತು 5. ಎರಡೂ ಅಂಚಿನವು 1 ಮತ್ತು 3, ಇವಕ್ಕೆ ಮಿಡಿಯಲ್ಲಿ ಕೆಲಸವಿಲ್ಲ. ನೋಡುತ್ತಿರುವಾಗಲೇ ಒಂದು ಪಿನ್ ಉಳಿದವಕ್ಕಿಂತ ಗಿಡ್ಡವಾಗಿ ಕಂಡರೆ ಅದು ಪ್ಲಗ್ಗಿನೊಳಕ್ಕೆ ಜರುಗಿದೆ. ಅವಸರದಲ್ಲಿ ತಿರುಚಿ ಒತ್ತಿದಾಗ ಹೀಗಾಗುತ್ತದೆ. ಹೊರಗಿಂದ ಕೇಬಲ್ ಹೊಸದರಂತೆಯೇ ಇರುತ್ತದೆ.

ಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು, ಒಂದು ತುದಿಯ 4ರಿಂದ ಇನ್ನೊಂದು ತುದಿಯ 4, 5ರಿಂದ 5, 2ರಿಂದ 2 ಹೀಗೆ ಮುಟ್ಟಿಸಿ. ಮೂರೂ ಬೀಪ್ ಆಗಬೇಕು, 4 ಮತ್ತು 5ರ ನಡುವೆ ಬೀಪ್ ಆಗಬಾರದು. ಎದುರುಬದುರು ಇಟ್ಟಾಗ ಎಡಬಲ ತಿರುಗುತ್ತದೆ, ಅದಕ್ಕೆ ಎರಡೂ ಪ್ಲಗ್‌ಗಳ ಕಚ್ಚು ಕೆಳಗೆ ಬರುವಂತೆ, ಎರಡರ ಪಿನ್‌ಗಳೂ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬೀಪ್ ಆಗುತ್ತಿರುವಾಗ ಪ್ಲಗ್ ಹತ್ತಿರ ಕೇಬಲನ್ನು ಬಗ್ಗಿಸಿ ನೋಡಿ; ಬೀಪ್ ತುಂಡಾದರೆ ಬೆಸುಗೆ ಬಿಟ್ಟಿದೆ. ಎರಡು ಹನಿ ಸೀಸ ಹಾಕಿದರೆ ಸರಿಹೋಗುತ್ತದೆ.

ಹಳೆಯ ಟೇಪ್‌ರೆಕಾರ್ಡರಿನ ಐದು ಪಿನ್ ಕೇಬಲ್ ನೋಡಲು ಹೀಗೆಯೇ ಇರುತ್ತದೆ, ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಅದರೊಳಗಿನ ಜೋಡಣೆ ಬೇರೆ ಇರಬಹುದು. ಮೇಲಿನ ಪರೀಕ್ಷೆ ಮಾಡದೆ ಬಳಸಬೇಡಿ.

ಕೇಬಲ್ ಸರಿ, ಆದರೆ ಸಂದೇಶ ನಿಜವಾಗಿ ಹೊರಡುತ್ತಿದೆಯೇ ತಿಳಿಯಬೇಕೆಂದರೆ ಒಂದು ಕೆಂಪು ಎಲ್‌ಇಡಿ ಮತ್ತು 220 ಓಮ್ ರೆಸಿಸ್ಟರ್ ತನ್ನಿ. ಎರಡನ್ನೂ ಸಾಲಾಗಿ ಜೋಡಿಸಿ, ಎಲ್‌ಇಡಿಯ ಉದ್ದ ಕಾಲು 4ರ ಕಡೆಗೂ ಗಿಡ್ಡ ಕಾಲು 5ರ ಕಡೆಗೂ ಬರುವಂತೆ, ಔಟ್‌ಗೆ ಸಿಕ್ಕಿಸಿದ ಕೇಬಲಿನ ಇನ್ನೊಂದು ತುದಿಯಲ್ಲಿ ಹಿಡಿಯಿರಿ. ಮಿಡಿ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ 320 ಮೈಕ್ರೊಸೆಕೆಂಡ್. ಎರಡು ಬೈಟಿನ ಪ್ರೋಗ್ರಾಂ ಚೇಂಜ್ ಒಂದು ಮಿಲಿಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಪ್ಯಾಚ್‌ಗಳ ಪೂರ್ತಿ ಬ್ಯಾಕಪ್ ಕಳಿಸುವಾಗ, ದೀಪ ಆರಿಸಿ ನೋಡಿ. ಎಲ್‌ಇಡಿ ಮಿಣುಗುತ್ತದೆ.

ಪ್ಯಾಚ್ 5 ಕಳಿಸಿದರೆ 6 ಬರುತ್ತದೆ.

ತಂತಿಯ ಮೇಲೆ ಸಂಖ್ಯೆಗಳು 0ಯಿಂದ 127. ಕೆಲವು ಸಾಫ್ಟ್‌ವೇರ್ ಅದನ್ನೇ ತೋರಿಸುತ್ತವೆ, ಕೆಲವು 1ರಿಂದ 128 ಎಂದು ತೋರಿಸುತ್ತವೆ. ಎರಡೂ ಕಡೆ ಎಣಿಕೆ ಬೇರೆಯಾದರೆ ಒಂದರ ವ್ಯತ್ಯಾಸ. ದುರಸ್ತಿ ಮಾಡುವಂಥದ್ದೇನಿಲ್ಲ, ಒಂದು ಕಳೆದು ಕಳಿಸಿ.

ವ್ಯತ್ಯಾಸ ಒಂದಲ್ಲ, ಬ್ಯಾಂಕೇ (ಪ್ಯಾಚ್‌ಗಳ ಗುಂಪೇ) ಬೇರೆಯಾಗಿದೆ ಎಂದರೆ ಕ್ರಮ ನೋಡಿ: ಮೊದಲು ಕಂಟ್ರೋಲರ್ 0, ಆಮೇಲೆ ಕಂಟ್ರೋಲರ್ 32 (ಇವೆರಡೂ ಬ್ಯಾಂಕ್ ಆರಿಸುವ ಸಂದೇಶಗಳು), ಕೊನೆಗೆ ಪ್ರೋಗ್ರಾಂ ಚೇಂಜ್. ಬ್ಯಾಂಕ್ ಸಂದೇಶ ಬಂದಾಗ ಆಂಪ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನಿಜವಾಗಿ ಬದಲಾಗುವುದು ಪ್ರೋಗ್ರಾಂ ಚೇಂಜ್ ಬಂದಾಗ. ಮೂರನ್ನೂ ಹಾಡಿನ ಟೈಮ್‌ಲೈನಿನಲ್ಲಿ ಒಂದೇ ಬಿಂದುವಿನಲ್ಲಿ ಇಟ್ಟರೆ ಸಾಫ್ಟ್‌ವೇರ್ ಕ್ರಮ ಬದಲಿಸಿ ಕಳಿಸಬಹುದು. ನಡುವೆ ಕೂದಲೆಳೆಯಷ್ಟು ಅಂತರ ಬಿಡಿ, 10 ಮಿಲಿಸೆಕೆಂಡ್ ಸಾಕು. ಹಾಡಿನ ಮೊದಲ ಕ್ಷಣದಲ್ಲೇ ಇಡುವ ಬದಲು ಒಂದು ಖಾಲಿ ಬಾರ್ ಬಿಟ್ಟು ಶುರು ಮಾಡುವುದು ಇನ್ನೂ ಒಳ್ಳೆಯದು.

ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತದೆ, ಅಥವಾ ವಾಪಸ್ ಹಾಕಿದಾಗ ಪ್ಯಾಚ್ ಚೆಲ್ಲಾಪಿಲ್ಲಿ.

ಬ್ಯಾಕಪ್ ಹೋಗುವುದು ಸಿಸ್‌ಎಕ್ಸ್ ಎಂಬ ಉದ್ದ ಸಂದೇಶದಲ್ಲಿ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳ ನಿಜವಾದ ದೌರ್ಬಲ್ಯ ಇಲ್ಲೇ ಹೊರಬೀಳುವುದು: ಸಣ್ಣ ಸಂದೇಶಗಳನ್ನು ಚೆನ್ನಾಗಿ ಸಾಗಿಸುತ್ತವೆ, ಉದ್ದದ್ದು ಬಂದಾಗ ನಡುವಿನ ಬೈಟ್‌ಗಳನ್ನು ನುಂಗುತ್ತವೆ. ಪ್ಯಾಚ್ ಬದಲಿಸಲಷ್ಟೇ ಆದರೆ ಅಂಥ ಕೇಬಲ್ ಸಾಕು. ಬ್ಯಾಕಪ್‌ಗೆ ಮಾತ್ರ ಹೆಸರಾಂತ ಕಂಪನಿಯ ಇಂಟರ್‌ಫೇಸನ್ನೇ ಬಳಸಿ. ಇಲ್ಲಿ ದುಡ್ಡು ಉಳಿಸುವುದು ಬೇಡ.

ಇರುವುದರಲ್ಲೇ ಮಾಡಬೇಕೆಂದರೆ ವೇಗ ತಗ್ಗಿಸಿ. ಕಳಿಸುವ ಸಾಫ್ಟ್‌ವೇರಿನಲ್ಲಿ ಪ್ರತಿ ಸಂದೇಶದ ನಂತರ 100 ಮಿಲಿಸೆಕೆಂಡ್ ವಿರಾಮ ಕೊಡಿ, ಒಂದು ಸಲಕ್ಕೆ ಎಲ್ಲ ಪ್ಯಾಚ್ ಬದಲು ಒಂದೊಂದೇ ಕಳಿಸಿ. ತೆಗೆದುಕೊಂಡ ಬ್ಯಾಕಪ್ ಪೂರ್ತಿಯಿದೆಯೇ ತಿಳಿಯಲು ಎರಡು ಸಲ ತೆಗೆದು ಫೈಲ್ ಗಾತ್ರ ಹೋಲಿಸಿ. ಒಂದು ಬೈಟ್ ಹೆಚ್ಚುಕಮ್ಮಿ ಬಂದರೂ ಎರಡನ್ನೂ ನಂಬಬೇಡಿ. ಮಿಡಿಯಲ್ಲಿ ಹತ್ತು ಸಾವಿರ ಬೈಟ್ ಸಾಗಲು ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು, ಹಾಗಾಗಿ ಪರದೆ ನಿಂತಂತೆ ಕಂಡರೆ ತಕ್ಷಣ ಕೇಬಲ್ ಕೀಳಬೇಡಿ.

ಒಂದು ಸಲ ಒತ್ತಿದರೆ ಆಂಪ್ ಎರಡು ಪ್ಯಾಚ್‌ಗಳ ನಡುವೆ ತಾನೇ ಹಾರುತ್ತಿರುತ್ತದೆ.

ಸಂದೇಶ ಸುತ್ತು ಹೊಡೆಯುತ್ತಿದೆ. ಆಂಪ್ ಕಂಪ್ಯೂಟರಿಗೆ ಹೇಳುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಅದನ್ನೇ ಆಂಪಿಗೆ ಮರಳಿಸುತ್ತದೆ. ಸಾಫ್ಟ್‌ವೇರಿನಲ್ಲಿ ಮಿಡಿ ಥ್ರೂ ಅಥವಾ ಎಕೋ ಆಯ್ಕೆಯನ್ನು ಆಫ್ ಮಾಡಿ. ಮಾನಿಟರಿನಲ್ಲಿ ಒಂದೇ ಸಾಲು ಮಳೆಯಂತೆ ಸುರಿಯುತ್ತಿದ್ದರೆ ಇದೇ ಕಾರಣ.

ನುಡಿಸಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಮಿಡಿ ನಿಧಾನವೇ?

ಮಿಡಿಯ ಪಾಲು ಒಂದು ಮಿಲಿಸೆಕೆಂಡ್ ಆಸುಪಾಸು. ತಡಮಾಡುವುದು ಆಡಿಯೋ ಬಫರ್, ಅಂದರೆ ಕಂಪ್ಯೂಟರ್ ಸದ್ದನ್ನು ಸ್ವಲ್ಪ ಸ್ವಲ್ಪ ಕೂಡಿಟ್ಟು ಕಳಿಸುವ ಜಾಗ. 44,100 ಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ ಎಂದರೆ ಒಂದು ದಿಕ್ಕಿಗೇ 23 ಮಿಲಿಸೆಕೆಂಡ್; 128 ಆದರೆ 3ರ ಹತ್ತಿರ. ವಿಂಡೋಸ್‌ನಲ್ಲಿ ತಡ ತಗ್ಗಿಸುವ, ಕಂಪನಿಯ ಏಸಿಯೋ (ASIO) ಡ್ರೈವರ್ ಆರಿಸಿ, ಬಫರನ್ನು 128 ಅಥವಾ 256ಕ್ಕೆ ಇಳಿಸಿ. ಚಟಪಟ ಸದ್ದು ಬಂದರೆ ಒಂದು ಹೆಜ್ಜೆ ಏರಿಸಿ.

ಯುಎಸ್‌ಬಿ ಸಿಕ್ಕಿಸಿದ ಕೂಡಲೇ ಆಂಪಿನಲ್ಲಿ ಗುಂಯ್ ಎನ್ನುತ್ತದೆ.

ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಗುಂಯ್‌ಗುಟ್ಟುವುದು ನಿಂತರೆ ಕಾರಣ ಸಿಕ್ಕಿತು: ಆಂಪಿಗೊಂದು ಅರ್ತ್, ಲ್ಯಾಪ್‌ಟಾಪಿಗೊಂದು ಅರ್ತ್, ಎರಡನ್ನೂ ಯುಎಸ್‌ಬಿ ಕೇಬಲಿನ ಹೊರಕವಚ ಸೇರಿಸಿ ಒಂದು ಉಂಗುರ ಮಾಡಿದೆ. ಐದು ಪಿನ್ ಮಿಡಿಯಲ್ಲಿ ಇದು ಆಗದಂತೆ ಮೊದಲೇ ಯೋಚಿಸಿದ್ದಾರೆ. ಇನ್ ಕಡೆಯಲ್ಲಿ ಬೆಳಕಿನ ಮೂಲಕ ಸಂದೇಶ ದಾಟಿಸುವ ಸಣ್ಣ ಚಿಪ್ ಇದೆ, 2ನೇ ಪಿನ್ ಇನ್ ಕಡೆ ಅರ್ತ್‌ಗೆ ಸೇರಿರುವುದಿಲ್ಲ. ಯುಎಸ್‌ಬಿಗೆ ಆ ರಕ್ಷಣೆ ಇಲ್ಲ.

ಮೊದಲ ಉಪಾಯ, ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಓಡಿಸುವುದು. ಎರಡನೆಯದು ಯುಎಸ್‌ಬಿ ಐಸೋಲೇಟರ್, ಎರಡು ಕಡೆಯ ಅರ್ತ್ ಬೇರ್ಪಡಿಸಿ ದತ್ತಾಂಶ ಮಾತ್ರ ದಾಟಿಸುವ ಸಾಧನ. ಕೊಳ್ಳುವಾಗ ವೇಗ ನೋಡಿ: ಅಗ್ಗದವು ಸೆಕೆಂಡಿಗೆ 12 ಮೆಗಾಬಿಟ್‌ಗೆ ಸೀಮಿತ, ಮಿಡಿ ಇಂಟರ್‌ಫೇಸಿಗೆ ಸಾಕು, 480 ಮೆಗಾಬಿಟ್ ಕೇಳುವ ಆಡಿಯೋ ಆಂಪ್ ಅದರಲ್ಲಿ ಓಡುವುದಿಲ್ಲ.

ಆಂಪಿನ ಮೂರು ಪಿನ್ ಪ್ಲಗ್ಗಿನ ದಪ್ಪ ಪಿನ್ ಮುರಿದು ಸದ್ದು ನಿಲ್ಲಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಒಳಗೆ ವೈರು ತಗುಲಿದರೆ ಗಿಟಾರಿನ ತಂತಿಯಲ್ಲೇ 230 ವೋಲ್ಟ್ ಬರುತ್ತದೆ, ಮೈಕಿಗೆ ತುಟಿ ತಾಗಿಸಿದವರ ಪ್ರಾಣ ಹೋಗುತ್ತದೆ. ಬದಲಿಗೆ ಎಲೆಕ್ಟ್ರಿಷಿಯನ್ ಕರೆದು ಮನೆಯ ಅರ್ತ್ ಪರೀಕ್ಷಿಸಿ. ಹಳೆಯ ಹಂಚಿನ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಎಳೆದಿರುವುದಿಲ್ಲ, ಎಳೆದಿದ್ದರೂ ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿರುತ್ತದೆ.

ಮಳೆಗಾಲ ಬಂತೆಂದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಬೇಸಿಗೆಯಲ್ಲಿ ಏನೂ ಇಲ್ಲ.

ಮಲೆನಾಡಿನದೇ ತೊಂದರೆ ಇದು. ಆರಿದ್ರ, ಪುನರ್ವಸು ಮಳೆ ಹಿಡಿದ ಮೇಲೆ ಚರ್ಮದ ಚಪ್ಪಲಿಗೆ ಬೂಸಲು ಬರುವ ಮನೆಯಲ್ಲಿ ಸಾಕೆಟ್ಟಿನ ಲೋಹ ಮಾತ್ರ ಹೊಳೆಯುತ್ತಿರಲು ಸಾಧ್ಯವಿಲ್ಲ. ಪಿನ್‌ಗಳ ಮೇಲೆ ಮಂಕು ಪದರ ಕಟ್ಟುತ್ತದೆ, ಹಿತ್ತಾಳೆಯಾದರೆ ಹಸಿರು ಕಿಲುಬು. ಮಿಡಿ ತಂತಿಯಲ್ಲಿ ಹರಿಯುವುದು 5 ಮಿಲಿಆಂಪಿಯರ್‌ನಷ್ಟು ಸಣ್ಣ ಕರೆಂಟು, ಆ ಪದರವನ್ನು ದಾಟುವ ಶಕ್ತಿ ಅದಕ್ಕೆ ಸಾಲುವುದಿಲ್ಲ.

ಆಂಪ್ ಆಫ್ ಮಾಡಿ, ಮೇನ್ಸ್ ಪ್ಲಗ್ ತೆಗೆದು, ಪ್ಲಗ್ಗನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆಯಿರಿ. ತಿಕ್ಕಾಟಕ್ಕೇ ಅರ್ಧ ಪದರ ಹೋಗುತ್ತದೆ. ಆಮೇಲೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲನ್ನು ಕಿವಿಕಡ್ಡಿಗೆ ಹಚ್ಚಿ ಪಿನ್ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಸಾಕೆಟ್ಟಿನೊಳಕ್ಕೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಒಂದು ಪಿಚಕಾರಿ ಸಾಕು. ಗೇಟಿನ ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಜಿಡ್ಡು ಉಳಿದು ಧೂಳು ಕೂರುತ್ತದೆ. ಮರಳು ಕಾಗದವೂ ಬೇಡ, ಮೇಲಿನ ಲೇಪನ ಕಿತ್ತು ಹೋದರೆ ಮುಂದಿನ ಮಳೆಗೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ.

ಬಳಸದಿರುವಾಗ ಕೇಬಲ್, ಇಂಟರ್‌ಫೇಸ್ ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಹರಳು ತಂದರೆ ತೇವ ತುಂಬಿದ್ದು ಕಾಣುತ್ತದೆ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿದರೆ ಮತ್ತೆ ಒಣಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಆಂಪನ್ನು ಮಣ್ಣಿನ ಗೋಡೆಯಿಂದ ಒಂದು ಅಡಿ ದೂರ, ನೆಲದಿಂದ ಮೇಲೆ ಮಣೆಯ ಮೇಲೆ ಇಡಿ. ವಾರಕ್ಕೆರಡು ಸಲ ಅರ್ಧ ಗಂಟೆ ಆನ್ ಮಾಡಿದರೆ ಒಳಗಿನ ಬಿಸಿಗೇ ತೇವ ಹೋಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಆಂಪ್ ಆನ್ ಇದ್ದರೂ ಸಾಫ್ಟ್‌ವೇರಿಗೆ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು, ಆಂಪ್ ನಡುವೆ ಸತ್ತು ಹುಟ್ಟಿತು. ಅನೇಕ ಸಾಫ್ಟ್‌ವೇರ್‌ಗಳು ಕಳೆದುಹೋದ ಪೋರ್ಟನ್ನು ತಾವಾಗಿ ಮತ್ತೆ ಹಿಡಿಯುವುದಿಲ್ಲ. ಕೆಲಸ ಸೇವ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ, ಯುಎಸ್‌ಬಿ ತೆಗೆದು ಹಾಕಿ, ಮತ್ತೆ ತೆರೆಯಿರಿ. ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಕುಸಿದು ಆಂಪ್ ರೀಸೆಟ್ ಆದರೂ ಇದೇ ಲಕ್ಷಣ. ದೀಪ ಒಮ್ಮೆ ಮಂಕಾಯಿತೇ ಗಮನಿಸಿ. ಇನ್ವರ್ಟರ್ ಇದ್ದರೆ ಸೈನ್‌ವೇವ್ ಬಗೆಯದ್ದಿರಲಿ, ಸ್ಕ್ವೇರ್‌ವೇವ್‌ನಲ್ಲಿ ಆಂಪ್ ಗೊರಗೊರ ಎನ್ನುತ್ತದೆ.

ಕರೆಂಟ್ ಹೋಗದೆಯೂ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಸಂಪರ್ಕ ಬಿಟ್ಟರೆ ವಿಂಡೋಸ್‌ನ ವಿದ್ಯುತ್ ಉಳಿತಾಯ ಕಾರಣ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಗುರುತನ್ನು ತೆಗೆಯಿರಿ.

ಗುಡುಗು ಸಿಡಿಲು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ಸ್ ಪ್ಲಗ್, ಯುಎಸ್‌ಬಿ, ಇಂಟರ್ನೆಟ್ ಕೇಬಲ್ ಮೂರನ್ನೂ ಕೀಳಿ. ಯುಎಸ್‌ಬಿ ಸಿಕ್ಕಿಸಿಟ್ಟರೆ ಇಂಟರ್ನೆಟ್ ಕೇಬಲಿನಿಂದ ಬಂದ ಸಿಡಿಲು ಲ್ಯಾಪ್‌ಟಾಪ್ ದಾಟಿ ಆಂಪನ್ನೂ ಸುಡಬಹುದು.

ಫರ್ಮ್‌ವೇರ್ ಹೊಸದಾಗಿ ಹಾಕಿದರೆ ಇದೆಲ್ಲ ಸರಿಹೋಗುತ್ತದೆಯೇ?

ಕೆಲವೊಮ್ಮೆ, ವಿಶೇಷವಾಗಿ ಎಡಿಟರ್ ಹೊಸ ಆವೃತ್ತಿಯದ್ದಾಗಿ ಆಂಪ್ ಹಳೆಯದರಲ್ಲೇ ಇದ್ದಾಗ. ಆದರೆ ಮೊದಲ ಮದ್ದಾಗಿ ಬಳಸಬೇಡಿ. ನಡುವೆ ಕರೆಂಟ್ ಹೋದರೆ ಆಂಪ್ ಏಳದೆ ಹೋಗಬಹುದು. ಇನ್ವರ್ಟರ್ ಮೇಲೆ ಹಾಕಿ, ಪ್ಯಾಚ್ ಬ್ಯಾಕಪ್ ತೆಗೆದು, ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿ, ಆಮೇಲೆ ಕೈ ಹಚ್ಚಿ. ಜಡಿಮಳೆಯ ದಿನ ಬೇಡ.

ಬ್ಲೂಟೂತ್ ಮಿಡಿ ಆಂಪ್ ಫೋನಿಗೆ ಸಿಕ್ಕರೂ ಆ್ಯಪ್‌ನಲ್ಲಿ ಕಾಣುವುದಿಲ್ಲ.

ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಿಂದ ಜೋಡಿಸಿದ್ದರೆ ‘ಮರೆತುಬಿಡು’ ಕೊಡಿ. ಬ್ಲೂಟೂತ್ ಮಿಡಿಯನ್ನು ಆ್ಯಪ್ ಒಳಗಿನಿಂದಲೇ ಜೋಡಿಸಬೇಕು. ಆಂಡ್ರಾಯ್ಡ್‌ನ ಕೆಲವು ಆವೃತ್ತಿಗಳಲ್ಲಿ ಲೊಕೇಶನ್ ಅನುಮತಿಯೂ ಬೇಕಾಗುತ್ತದೆ.

ಎಲ್ಲ ಮಾಡಿದೆ. ರಿಪೇರಿಗೆ ಕೊಡುವ ಮುನ್ನ ಏನು ನೋಡಲಿ?

ಅದೇ ಕೇಬಲ್, ಅದೇ ಆಂಪ್, ಬೇರೆ ಕಂಪ್ಯೂಟರ್: ಇದೊಂದು ಪರೀಕ್ಷೆ ಬಿಡಬೇಡಿ. ಅಲ್ಲಿ ಕೆಲಸ ಮಾಡಿದರೆ ಆಂಪನ್ನು ಹೊತ್ತು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುವ ಅಗತ್ಯವಿಲ್ಲ.

ಟ್ಯೂಬ್ ಆಂಪನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300ರಿಂದ 500 ವೋಲ್ಟ್ ಉಳಿದಿರಬಹುದು. ಐದು ಪಿನ್ ಇನ್ ಮಾತ್ರ ಸತ್ತಿದ್ದು ಉಳಿದದ್ದೆಲ್ಲ ಸರಿಯಿದ್ದರೆ, ಮೇಲೆ ಹೇಳಿದ ಬೆಳಕಿನ ಚಿಪ್ ಹೋಗಿರುವ ಸಾಧ್ಯತೆ ಇದೆ. 6ಎನ್138 ಎಂಬುದು ಈ ಜಾಗದಲ್ಲಿ ಹೆಚ್ಚಾಗಿ ಬಳಸುವ ಚಿಪ್‌ಗಳಲ್ಲೊಂದು, ಬೆಲೆಯೂ ದುಬಾರಿಯಲ್ಲ. ಇಡೀ ಬೋರ್ಡ್ ಬದಲಿಸಬೇಕು ಎಂದರೆ ಮೊದಲು ಈ ಚಿಪ್ ಪರೀಕ್ಷಿಸಿದ್ದೀರಾ ಎಂದು ಕೇಳಿ. ಆಂಪಿಗೆ ಒಂದು ಚೀಟಿ ಅಂಟಿಸಿ ಕಳಿಸಿ: ಯಾವ ಕೇಬಲಿನಲ್ಲಿ, ಯಾವ ದಿಕ್ಕಿನಲ್ಲಿ ಸಂದೇಶ ನಿಲ್ಲುತ್ತದೆ, ಮಾನಿಟರಿನಲ್ಲಿ ಏನು ಕಂಡಿತು, ಆಂಪಿನ ಫರ್ಮ್‌ವೇರ್ ಆವೃತ್ತಿ ಯಾವುದು, ತೊಂದರೆ ಶುರುವಾದದ್ದು ಸಿಡಿಲಿನ ನಂತರವೇ ಎಂದು ಅದರಲ್ಲಿ ಬರೆದಿರಲಿ.